ಕುದಿಯುವ ಕೆರೆಗೆ ನಡೆದು ಹೋಗುವುದು ಹೇಗೆ: ಡೊಮಿನಿಕಾದ ಜ್ವಾಲಾಮುಖಿ ಮಳೆಕಾಡಿಗೆ ಸಮಗ್ರ ಮಾರ್ಗದರ್ಶಿ

2023ರ ಜುಲೈನಲ್ಲಿ ಯಶಸ್ವಿ ಜೈಸ್ವಾಲ್ ತನ್ನ ಮೊದಲ ಟೆಸ್ಟಿನಲ್ಲೇ 171 ಹೊಡೆದದ್ದು, ಅಶ್ವಿನ್ 12 ವಿಕೆಟ್ ಕಿತ್ತದ್ದು ನೆನಪಿದೆ ಅಲ್ವಾ? ನಮ್ಮ ದ್ರಾವಿಡ್ ಕೋಚ್ ಆಗಿದ್ದ ಆ ಪಂದ್ಯ ನಡೆದದ್ದು ವೆಸ್ಟ್ ಇಂಡೀಸಿನ ಡೊಮಿನಿಕಾ ದ್ವೀಪದಲ್ಲಿ, ರಾಜಧಾನಿ ರೋಸೋದ ವಿಂಡ್ಸರ್ ಪಾರ್ಕ್ ಮೈದಾನದಲ್ಲಿ. ಮೈದಾನದ ಹಿಂದೆ ಟಿವಿಯಲ್ಲಿ ಹಸಿರು ಗುಡ್ಡ ಕಾಣುತ್ತಿತ್ತು. ಆ ಕಡೆಯ ರಸ್ತೆ ಹಿಡಿದು ಮೇಲಕ್ಕೆ ಹೋದರೆ ಅರ್ಧ ಗಂಟೆಯಲ್ಲಿ ಮೋರ್ನ್ ತ್ರ್ವಾ ಪಿತೋನ್ ರಾಷ್ಟ್ರೀಯ ಉದ್ಯಾನದ ಅಂಚು ಸಿಗುತ್ತದೆ.

1975ರಲ್ಲಿ ಈ ಕಾಡನ್ನು ಸಂರಕ್ಷಿತ ಎಂದು ಘೋಷಿಸಿದರು. 1997ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ವಿಸ್ತೀರ್ಣ ಸುಮಾರು 6,857 ಹೆಕ್ಟೇರ್. ಅಷ್ಟರೊಳಗೆ ಐದು ಜ್ವಾಲಾಮುಖಿಗಳು, ಸುಮಾರು ಐವತ್ತು ಹಬೆ ಕಂಡಿಗಳು, ಬಿಸಿನೀರಿನ ಊಟೆಗಳು, ಸಿಹಿನೀರಿನ ಕೆರೆಗಳು, ಜೊತೆಗೆ ಹಗಲು ರಾತ್ರಿ ಕೊತಕೊತ ಕುದಿಯುವ ಒಂದು ಕೆರೆ. ಆ ಕೆರೆಗೆ ರಸ್ತೆ ಇಲ್ಲ. ನಡೆದೇ ಹೋಗಬೇಕು. ಹೋಗಿ ಬರಲು ಸುಮಾರು 13 ಕಿಲೋಮೀಟರ್, ಆರೇಳು ಗಂಟೆ.

ದೂರ ನೋಡಿ ಯಾರೂ ಹೆದರುವುದಿಲ್ಲ. ಕುಮಾರಪರ್ವತ ಹತ್ತಿ ಇಳಿದವರಿಗೆ ಇದೇನು ಮಹಾ ಅನ್ನಿಸುತ್ತದೆ. ಇಲ್ಲಿ ಕೈಕೊಡುವುದು ಮಳೆ. ಹಾಗಾಗಿ ಇಡೀ ಪ್ಲಾನ್ ಮಳೆಯನ್ನು ಲೆಕ್ಕಕ್ಕೆ ಹಿಡಿದೇ ಮಾಡಬೇಕು.

ಮೊದಲು ಕ್ಯಾಲೆಂಡರ್ ತೆಗೆಯಿರಿ

ನಮ್ಮ ಆಗುಂಬೆಯಲ್ಲಿ ಮಳೆ ನಾಲ್ಕು ತಿಂಗಳು ಹೊಯ್ದು ಸುಮ್ಮನಾಗುತ್ತದೆ. ಡೊಮಿನಿಕಾದ ಒಳನಾಡಿನಲ್ಲಿ ಹಾಗಿಲ್ಲ. ಅಟ್ಲಾಂಟಿಕ್ ಕಡೆಯಿಂದ ಬೀಸುವ ಗಾಳಿ ವರ್ಷವಿಡೀ ಬೆಟ್ಟಕ್ಕೆ ಬಡಿದು ಮೇಲೇರಿ ಮಳೆ ಸುರಿಸುತ್ತಲೇ ಇರುತ್ತದೆ. ಬೇಸಿಗೆ ಅನ್ನುವುದು ಕರಾವಳಿಗೆ ಮಾತ್ರ. ರೋಸೋದಲ್ಲಿ ಬಿಸಿಲು ಸುಡುವ ಹೊತ್ತಿಗೆ ಮೇಲೆ ಕಾಡಿನಲ್ಲಿ ಜಡಿ ಹಿಡಿದಿರುವುದು ಮಾಮೂಲು.

ಫೆಬ್ರವರಿಯಿಂದ ಏಪ್ರಿಲ್ ಕೊನೆಯವರೆಗೆ ಮಳೆ ಸ್ವಲ್ಪ ಕಡಿಮೆ. ಹೋಗುವುದಿದ್ದರೆ ಆಗಲೇ ಹೋಗಿ. ಜೂನ್‌ನಿಂದ ನವೆಂಬರ್ ಚಂಡಮಾರುತದ ಕಾಲ. ಅದರಲ್ಲೂ ಆಗಸ್ಟ್, ಸೆಪ್ಟೆಂಬರ್ ಬೇಡವೇ ಬೇಡ. 2017ರ ಸೆಪ್ಟೆಂಬರ್ 18ರ ರಾತ್ರಿ ಮರಿಯಾ ಚಂಡಮಾರುತ ಐದನೇ ದರ್ಜೆಯಲ್ಲೇ, ಅಂದರೆ ಅತಿ ಜೋರಿನ ದರ್ಜೆಯಲ್ಲೇ, ದ್ವೀಪಕ್ಕೆ ಅಪ್ಪಳಿಸಿತು. ಬೆಳಗಾಗುವಷ್ಟರಲ್ಲಿ ಬೆಟ್ಟಗಳ ಮೇಲೆ ಎಲೆಯೇ ಇರಲಿಲ್ಲ, ಹಸಿರೆಲ್ಲ ಹೋಗಿ ಕಂದು ಬಣ್ಣ. ಈಗ ಕಾಡು ಮತ್ತೆ ತುಂಬಿಕೊಂಡಿದೆ. ಆದರೂ ದಾರಿಯಲ್ಲಿ ತಲೆ ಮುರಿದ ದೊಡ್ಡ ಮರಗಳು, ಅವುಗಳ ಬುಡದಲ್ಲಿ ಬೆಳಕು ಸಿಕ್ಕ ಖುಷಿಗೆ ಒತ್ತಾಗಿ ಎದ್ದ ಎಳೆ ಗಿಡಗಳು ಕಂಡರೆ, ಅದು ಆ ಒಂದು ರಾತ್ರಿಯ ಕೆಲಸ.

ಇನ್ನೊಂದು ಮುಖ್ಯ ಮಾತು. ಕೆರೆಗೆ ಅಂತ ಒಂದೇ ದಿನ ಇಟ್ಟುಕೊಂಡು ಹೋಗಬೇಡಿ. ಪ್ಲಾನಿನಲ್ಲಿ ಎರಡು ಮೂರು ದಿನ ಖಾಲಿ ಬಿಡಿ. ಹಿಂದಿನ ರಾತ್ರಿ ಜೋರು ಮಳೆಯಾದರೆ ಹಳ್ಳ ಏರುತ್ತದೆ, ದಾರಿ ಕುಸಿಯುತ್ತದೆ, ಗೈಡ್ ಬೇಡ ಅನ್ನುತ್ತಾರೆ. ಆಗ ನಾಳೆ ಅನ್ನಲು ನಿಮಗೆ ನಾಳೆ ಇರಬೇಕು. ಅಷ್ಟು ದೂರ ಹೋಗಿ ಕೆರೆ ನೋಡದೆ ಬರುವ ಸಂಕಟ ತಪ್ಪಿಸಲು ಇದಕ್ಕಿಂತ ಬೇರೆ ಉಪಾಯ ಇಲ್ಲ.

ಟಿಕೆಟ್, ವೀಸಾ ಮತ್ತು ಎರಡು ದೇಶಗಳ ಗೊಂದಲ

ಡೊಮಿನಿಕಾ ಬೇರೆ, ಡೊಮಿನಿಕನ್ ರಿಪಬ್ಲಿಕ್ ಬೇರೆ. ಎರಡರ ನಡುವೆ ಸಮುದ್ರವಿದೆ, ಹಲವು ದ್ವೀಪಗಳಿವೆ. ಪುಂಟಾ ಕಾನಾ ಅಂತಲೋ ಸಾಂಟೋ ಡೊಮಿಂಗೋ ಅಂತಲೋ ಟಿಕೆಟ್ ಮೇಲೆ ಬಂದರೆ ತಪ್ಪು ದೇಶಕ್ಕೆ ಹೊರಟಿದ್ದೀರಿ. ನಿಮಗೆ ಬೇಕಾದದ್ದು ಡಗ್ಲಸ್-ಚಾರ್ಲ್ಸ್ ವಿಮಾನ ನಿಲ್ದಾಣ.

ಭಾರತದಿಂದ ನೇರ ವಿಮಾನ ಇಲ್ಲ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಪ್ರವಾಸಕ್ಕೆ ಮೊದಲೇ ವೀಸಾ ತೆಗೆಯಬೇಕಿಲ್ಲದ ದೇಶಗಳ ಸಾಲಿನಲ್ಲಿ ಡೊಮಿನಿಕಾ ಇದೆ. ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್‌ಗೆ ದುಡ್ಡು ಕಟ್ಟುವ ಮೊದಲು ಒಮ್ಮೆ ನೋಡಿಕೊಳ್ಳಿ. ನಿಜವಾದ ತಲೆನೋವು ದಾರಿಯಲ್ಲಿ ಸಿಗುವ ದೇಶಗಳದ್ದು. ಮಯಾಮಿಯಿಂದ ನೇರ ವಿಮಾನ ಇದೆ, ಆದರೆ ಅಮೆರಿಕದಲ್ಲಿ ವಿಮಾನ ಬದಲಾಯಿಸುವುದಕ್ಕೂ ವೀಸಾ ಬೇಕು. ಗ್ವಾಡೆಲೂಪ್, ಮಾರ್ಟಿನೀಕ್ ದ್ವೀಪಗಳಿಂದ ದೋಣಿಯಲ್ಲಿ ಬರಬಹುದು. ಅವೆರಡೂ ಫ್ರಾನ್ಸಿನವು, ಆದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ನಡೆಯುವ ಷೆಂಗೆನ್ ವಲಯದೊಳಗಿಲ್ಲ. ಮಾಮೂಲಿ ಷೆಂಗೆನ್ ವೀಸಾ ನಂಬಿಕೊಂಡು ಅಲ್ಲಿಗೆ ಹೋದರೆ ಕಷ್ಟ.

ಅಮೆರಿಕದಲ್ಲೇ ಇರುವ ನಮ್ಮವರಿಗೆ ಮಯಾಮಿ ದಾರಿ ಸಲೀಸು. ಒಂದು ಎಚ್ಚರ: ಪಾಸ್‌ಪೋರ್ಟಿನಲ್ಲಿರುವ ಎಚ್-1ಬಿ (ಅಮೆರಿಕದ ಕೆಲಸದ ವೀಸಾ) ಸ್ಟಾಂಪಿನ ಅವಧಿ ಮುಗಿದಿದ್ದರೆ ಹೋಗುವುದು ಸುಲಭ, ವಾಪಸ್ ಬರುವುದು ಕಷ್ಟ. ಲಾಂಗ್ ವೀಕೆಂಡ್ ಸಿಕ್ಕಿತು ಅಂತ ಹೊರಡುವ ಮುಂಚೆ ಆ ಪುಟ ತೆರೆದು ನೋಡಿ.

ವಿಮಾನ ನಿಲ್ದಾಣ ದ್ವೀಪದ ಈಶಾನ್ಯಕ್ಕೆ, ರೋಸೋ ನೈಋತ್ಯಕ್ಕೆ. ನಡುವೆ ಬೆಟ್ಟದ ತಿರುವು ರಸ್ತೆ, ಒಂದು ಗಂಟೆಗೂ ಜಾಸ್ತಿ ಹಿಡಿಯುತ್ತದೆ. ವಾಹನ ಓಡುವುದು ನಮ್ಮಲ್ಲಿಯ ಹಾಗೆ ಎಡಗಡೆ. ಬಾಡಿಗೆ ಕಾರು ತೆಗೆದರೆ ಸ್ಥಳೀಯ ಚಾಲನಾ ಪರವಾನಗಿ ಮಾಡಿಸಬೇಕು. ಹಣ ಪೂರ್ವ ಕೆರಿಬಿಯನ್ ಡಾಲರ್. ಒಂದು ಅಮೆರಿಕನ್ ಡಾಲರಿಗೆ 2.70 ಅಂತ ದರ ಕಟ್ಟಿಹಾಕಿದ್ದಾರೆ. ಯಾರಾದರೂ ಬರೀ 'ಡಾಲರ್' ಅಂದರೆ ಯಾವ ಡಾಲರ್ ಅಂತ ಕೇಳಿ. ಕೇಳದಿದ್ದರೆ ಸುಮ್ನೆ ಎರಡೂವರೆ ಪಟ್ಟಿಗಿಂತ ಹೆಚ್ಚು ಕೊಟ್ಟು ಬರುತ್ತೀರಿ.

ಎಲ್ಲಿ ಉಳಿಯುವುದು, ಏನು ತಿನ್ನುವುದು

ರೋಸೋದಲ್ಲಿ ಉಳಿಯಬಹುದು. ನನ್ನ ಪ್ರಕಾರ ರೋಸೋ ಕಣಿವೆಯ ಮೇಲಿನ ಊರುಗಳೇ ಒಳ್ಳೆಯವು: ಲೋದಾ, ಟ್ರಫಾಲ್ಗರ್, ವಾಟನ್ ವೇವನ್. ಕೆರೆಯ ಕಾಲುದಾರಿ ಶುರುವಾಗುವುದು ಲೋದಾದ ಪಕ್ಕದಲ್ಲೇ. ವಾಟನ್ ವೇವನ್‌ನಲ್ಲಿ ಗಂಧಕದ ಬಿಸಿನೀರಿನ ತೊಟ್ಟಿಗಳಿವೆ. ನಡೆದು ಬಂದ ಸಂಜೆ ಅದರಲ್ಲಿ ಕೂತಾಗ ಗೊತ್ತಾಗುತ್ತದೆ ಯಾಕೆ ಹೇಳಿದೆ ಅಂತ.

ಸಸ್ಯಾಹಾರಿಗಳು ಹೆದರಬೇಕಿಲ್ಲ. ರಾಸ್ತಫಾರಿ ಎಂಬ ಕೆರಿಬಿಯನ್ ಧಾರ್ಮಿಕ ಪಂಥದವರ 'ಐಟಲ್' ಊಟದಲ್ಲಿ ಮಾಂಸ ಇರುವುದಿಲ್ಲ. ಬೇಳೆಕಾಳು, ಕೆಸವಿನ ಗೆಡ್ಡೆ, ಬಾಳೆಕಾಯಿ, ಬ್ರೆಡ್‌ಫ್ರೂಟ್ ಇರುತ್ತದೆ. ಬ್ರೆಡ್‌ಫ್ರೂಟ್ ಅಂದರೆ ಬೇರೇನಲ್ಲ, ಕರಾವಳಿಯವರ ಜೀಗುಜ್ಜೆ. ಕೆಸುವಿನ ಸೊಪ್ಪು ಹಾಕಿ ಮಾಡಿದ ಕಲಲೂ ಸೂಪು ಮಲೆನಾಡಿನವರಿಗೆ ಹೊಸದಲ್ಲ. ಅದಕ್ಕೆ ಏಡಿ ಹಾಕುವುದುಂಟು, ಕೇಳಿ ತಿನ್ನಿ. ಕಡಲೆಕಾಳಿನ ಪಲ್ಯ ಸುತ್ತಿದ ರೋಟಿಯೂ ಸಿಗುತ್ತದೆ. ಟ್ರಿನಿಡಾಡ್, ಗಯಾನಾಗಳಿಗೆ ಕೂಲಿಗಳಾಗಿ ಹೋದ ಭಾರತೀಯರಿಂದ ಕೆರಿಬಿಯನ್ ತುಂಬಾ ಹರಡಿದ ತಿಂಡಿ ಅದು.

ಗೈಡ್ ಬೇಕೇ ಬೇಕು

ಆಫ್‌ಲೈನ್ ಮ್ಯಾಪ್ ಇದೆ, ನಾವೇ ಹೋಗ್ತೀವಿ ಅನ್ನುವವರಿಗೆ ನೇರವಾಗಿ ಹೇಳುತ್ತೇನೆ, ಬೇಡ. ಅರ್ಧ ದಾರಿಯವರೆಗೆ ಕಾಲುದಾರಿ ಸ್ಪಷ್ಟವಾಗಿದೆ, ನಿಜ. ಆಮೇಲೆ ಸಿಗುವ ಹಬೆ ಕಣಿವೆಯಲ್ಲಿ ದಾರಿ ಅನ್ನುವುದೇ ಇಲ್ಲ. ಅಲ್ಲಿ ನೆಲದ ಮೇಲ್ಪದರ ಕೆಲವು ಕಡೆ ತೆಳು, ಕೆಳಗೆ ಕುದಿಯುವ ಕೆಸರು. ಹೋದ ವಾರ ಗಟ್ಟಿಯಿದ್ದ ಜಾಗದಲ್ಲಿ ಈ ವಾರ ಹೊಸ ಕಂಡಿ ಬಾಯಿ ತೆರೆದಿರಬಹುದು. ಅದು ಮ್ಯಾಪಿಗೆ ಗೊತ್ತಿರಲ್ಲ. ವಾರಕ್ಕೆ ಹಲವು ಸಲ ಹೋಗಿ ಬರುವ ಗೈಡಿಗೆ ಗೊತ್ತಿರುತ್ತದೆ.

ನೋಂದಾಯಿತ ಗೈಡನ್ನೇ ಹಿಡಿಯಿರಿ. ಉಳಿದುಕೊಳ್ಳುವ ಮನೆಯವರನ್ನು ಕೇಳಿದರೆ ಕರೆಸಿಕೊಡುತ್ತಾರೆ. ಉದ್ಯಾನಕ್ಕೆ ಟಿಕೆಟ್ ಬೇರೆ. ಮೂರು ನಾಲ್ಕು ಜಾಗ ನೋಡುವ ಇರಾದೆ ಇದ್ದರೆ ವಾರದ ಪಾಸ್ ತೆಗೆದುಕೊಳ್ಳಿ. ರೋಸೋ ಕಣಿವೆಯಿಂದ ಕೆರೆಯ ಹತ್ತಿರಕ್ಕೆ ಕೇಬಲ್ ಕಾರ್ ಹಾಕುವ ಕೆಲಸವೂ ಶುರುವಾಗಿದೆ. ಹಾಗಾಗಿ ಹೋಗುವ ವಾರ ಕಾಲುದಾರಿ ತೆರೆದಿದೆಯಾ ಅಂತ ಗೈಡನ್ನು ಮೊದಲೇ ಕೇಳಿ. ಕೇಬಲ್ ಕಾರ್ ಬಂದ ಮೇಲೆ ನಡೆಯುವವರು ಕಡಿಮೆಯಾಗುತ್ತಾರೋ ಜಾಸ್ತಿಯಾಗುತ್ತಾರೋ, ಕೆರೆಯ ದಂಡೆಯ ಗಲಾಟೆಯಂತೂ ಜಾಸ್ತಿಯಾಗುತ್ತದೆ.

ಬ್ಯಾಗಿನಲ್ಲಿ ಏನಿರಬೇಕು

ಎಲ್ಲಕ್ಕಿಂತ ಮುಖ್ಯ ಬೂಟು. ಆಳವಾದ ಹಲ್ಲಿನ ಅಟ್ಟೆ, ಒದ್ದೆಯಾದರೂ ಕಾಲು ಬಿಡದ ಬೂಟು. ಹೊಸದನ್ನು ಅಲ್ಲಿಗೇ ಮೊದಲು ಹಾಕಬೇಡಿ. ಜೀನ್ಸ್ ಬೇಡ, ನೆಂದರೆ ಒಂದು ಕೊಡ ನೀರು ಹೊತ್ತ ಹಾಗೆ. ಬೇಗ ಒಣಗುವ ಪ್ಯಾಂಟು, ಹಗುರ ರೇನ್ ಜಾಕೆಟ್, ಇನ್ನೊಂದು ಜೊತೆ ಬಟ್ಟೆಯನ್ನು ನೀರು ಹೋಗದ ಚೀಲದಲ್ಲಿ ಕಟ್ಟಿ ಇಟ್ಟುಕೊಳ್ಳಿ. ಛತ್ರಿ ಸುಮ್ನೆ ಭಾರ. ಎರಡು ಲೀಟರ್ ನೀರು, ಮಧ್ಯಾಹ್ನಕ್ಕೆ ಬುತ್ತಿ, ಜೊತೆಗೆ ಚಿಕ್ಕಿ, ಕಡಲೆಬೀಜ. ಊರಿಂದ ತಂದ ಚಟ್ನಿಪುಡಿ ಇದ್ದರೆ ಕೆರೆಯ ದಂಡೆಯಲ್ಲಿ ನೆನಪಾಗುತ್ತದೆ. ಫೋನಿಗೆ ಜಿಪ್ ಇರುವ ಪ್ಲಾಸ್ಟಿಕ್ ಕವರ್. ತಲೆಗೆ ಕಟ್ಟುವ ಟಾರ್ಚ್, ತಡವಾದರೆ ಬೇಕು.

ಬೆಳ್ಳಿ ಮಾತ್ರ ರೂಮಿನಲ್ಲೇ ಬಿಟ್ಟು ಹೋಗಿ. ಕಾಲುಂಗುರ, ಉಡಿದಾರ, ಕೈಕಡಗ, ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ ಇದ್ದರೆ ಅದೂ. ಕಣಿವೆಯ ಹಬೆಯಲ್ಲಿ ಹೈಡ್ರೋಜನ್ ಸಲ್ಫೈಡ್ ಇದೆ. ಕೊಳೆತ ಮೊಟ್ಟೆಯ ವಾಸನೆ ಬರುವುದು ಅದರಿಂದಲೇ. ಬೆಳ್ಳಿಗೆ ಅದು ತಾಗಿದರೆ ಸಂಜೆಯೊಳಗೆ ಕಪ್ಪಗಾಗುತ್ತದೆ.

ಇಲ್ಲಿ ವಿಷದ ಹಾವಿಲ್ಲ. ಇಡೀ ದ್ವೀಪದಲ್ಲೇ ಇಲ್ಲ. ಹೆಬ್ಬಾವಿನಂಥ ಬೋವಾ ಇದೆ, ತನ್ನ ಪಾಡಿಗೆ ತಾನಿರುತ್ತದೆ. ಘಟ್ಟದ ಜಿಗಣೆ ಕಾಟವೂ ಇಲ್ಲ. ಸುಣ್ಣ, ಉಪ್ಪು, ಹೊಗೆಸೊಪ್ಪು ಹೊತ್ತುಕೊಂಡು ಹೋಗಬೇಡಿ. ಸೊಳ್ಳೆಗೆ ಮಾತ್ರ ಏನಾದರೂ ಹಚ್ಚಿಕೊಳ್ಳಿ, ಡೆಂಗೆ ಇರುವ ಊರು.

ಕೆರೆಗೆ ಮೊದಲು ಕಾಲು ಪಳಗಿಸಿ

ಬಂದ ಮರುದಿನವೇ ಕೆರೆಗೆ ಹೊರಡಬೇಡಿ. ಭಾರತಕ್ಕೂ ಇಲ್ಲಿಗೂ ಒಂಬತ್ತೂವರೆ ಗಂಟೆ ವ್ಯತ್ಯಾಸ, ನಿದ್ದೆ ಸರಿಹೋಗಲಿ. ಮೊದಲು ಎಮರಾಲ್ಡ್ ಪೂಲ್ ನೋಡಿ. ಹತ್ತಿಪ್ಪತ್ತು ನಿಮಿಷದ ನಡಿಗೆ, ಸಣ್ಣ ಜಲಪಾತ, ಅದರ ಬುಡದಲ್ಲಿ ಈಜುವ ಮಡು. ಅಜ್ಜಿಯರನ್ನೂ ಮಕ್ಕಳನ್ನೂ ಕರೆದೊಯ್ಯಬಹುದು. ಟ್ರಫಾಲ್ಗರ್‌ನಲ್ಲಿ ಅಕ್ಕಪಕ್ಕ ಎರಡು ಜಲಪಾತ, ಊರವರು ಅಪ್ಪ, ಅಮ್ಮ ಅಂತ ಕರೆಯುತ್ತಾರೆ. ಅಪ್ಪನ ಕಡೆ ಬಂಡೆಗಳ ಸಂದಿಯಲ್ಲಿ ಬಿಸಿನೀರು ಬಂದು ಬೆರೆಯುತ್ತದೆ. ನವೆಂಬರ್‌ನಿಂದ ಏಪ್ರಿಲ್ ತನಕ ಕ್ರೂಸ್ ಹಡಗು ಬರುವ ಕಾಲ. ಹಡಗು ನಿಂತ ದಿನ ಇವೆರಡೂ ಜಾತ್ರೆ. ಬಂದರಿನ ವೇಳಾಪಟ್ಟಿ ನೋಡಿ ಹಡಗಿಲ್ಲದ ದಿನ ಹೋಗಿ, ಇಲ್ಲವಾದರೆ ಬೆಳಿಗ್ಗೆ ಬೇಗ ಮುಗಿಸಿ.

ಕಾಲಿಗೆ ನಿಜವಾದ ಪರೀಕ್ಷೆ ಬೇಕಿದ್ದರೆ ಮಿಡಲ್‌ಹ್ಯಾಮ್ ಜಲಪಾತ. ದಟ್ಟ ಕಾಡಿನ ನಡುವೆ ಒಂದು ಗಂಟೆಗೂ ಜಾಸ್ತಿ ನಡಿಗೆ. ಅಲ್ಲಿ ಉಸಿರು ಕಟ್ಟಿದರೆ ಕೆರೆಯ ಯೋಚನೆ ಬಿಡುವುದು ಒಳ್ಳೆಯದು. ಹಾಗೆ ಬಿಟ್ಟವರು ಬೇಜಾರಾಗಬೇಕಿಲ್ಲ. ಫ್ರೆಶ್‌ವಾಟರ್ ಲೇಕ್‌ವರೆಗೆ ವಾಹನ ಹೋಗುತ್ತದೆ, ಅಲ್ಲಿಂದ ಮುಕ್ಕಾಲು ಗಂಟೆ ನಡೆದರೆ ಮಂಜು ಹೊದ್ದ ಬೋರಿ ಕೆರೆ. ಎರಡೂ ತಣ್ಣಗಿನ ಕೆರೆಗಳು.

ನಡಿಗೆಯ ದಿನ: ಟೀಟೂ ಗಾರ್ಜ್‌ನಿಂದ ಹಬೆ ಕಣಿವೆಯವರೆಗೆ

ಕಾಲುದಾರಿ ಶುರುವಾಗುವುದು ಲೋದಾ ಪಕ್ಕದ ಟೀಟೂ ಗಾರ್ಜ್ ಎಂಬ ಇಕ್ಕಟ್ಟಿನ ಕಮರಿಯ ಬಳಿ. ಬೆಳಿಗ್ಗೆ ಎಂಟರೊಳಗೆ ಅಲ್ಲಿಂದ ಹೊರಡಬೇಕು. ಮಧ್ಯಾಹ್ನ ಒಂದರ ಹೊತ್ತಿಗೆ ಕೆರೆ ಸಿಗದಿದ್ದರೆ ಎಲ್ಲಿದ್ದೀರೋ ಅಲ್ಲಿಂದ ವಾಪಸ್. ಈ ಗಡುವನ್ನು ಹೊರಡುವಾಗಲೇ ಎಲ್ಲರೂ ಒಪ್ಪಿಕೊಳ್ಳಿ. ಮೇಲೆ ಹೋದ ಮೇಲೆ 'ಇನ್ನೊಂದು ಹತ್ತು ನಿಮಿಷ' ಅನ್ನುವವರು ಗುಂಪಿನಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ.

ಮೊದಲ ಒಂದು ಗಂಟೆ ಮಳೆಕಾಡಿನೊಳಗೆ ಏರಿಳಿತ. ಇಲ್ಲಿ ಕಾಲಿನ ಜೊತೆ ಕಣ್ಣಿಗೂ ಕಿವಿಗೂ ಕೆಲಸ ಕೊಡಿ. ಬೂದು ತೊಗಟೆಯ ದೊಡ್ಡ ಮರ ಕಂಡರೆ ಅದು ಗೋಮಿಯೇ. ಗಾಯವಾದ ಕಡೆ ಬಿಳಿ ಅಂಟು ಒಸರಿ ಗಟ್ಟಿಯಾಗಿರುತ್ತದೆ. ಅದನ್ನು ಉರಿಸಿದರೆ ಧೂಪದ ವಾಸನೆ. ದ್ವೀಪದ ಮೂಲನಿವಾಸಿ ಕಲಿನಾಗೋ ಜನ ಇದೇ ಮರವನ್ನು ಕೊರೆದು ದೋಣಿ ಮಾಡುತ್ತಾರೆ. ಶತಾನ್ಯೇ ಮರದ ಬುಡದಲ್ಲಿ ಆಳೆತ್ತರದ ಹಲಗೆ ಬೇರುಗಳು ನಾಲ್ಕೂ ಕಡೆ ಚಾಚಿರುತ್ತವೆ. ನೆಲದ ಮೇಲ್ಮಣ್ಣು ತೆಳ್ಳಗೆ, ಇಳಿಜಾರು ಜೋರು, ಮೇಲೆ ಗಾಳಿ. ಬೇರು ಹಾಗೆ ಚಾಚದಿದ್ದರೆ ಮರ ನಿಲ್ಲುವುದಿಲ್ಲ.

ಎಲ್ಲೋ ಮೇಲಿನಿಂದ ಕೊಳಲಿನ ಒಂದೇ ಸ್ವರ ಎಳೆದ ಹಾಗೆ ಸಿಳ್ಳೆ ಕೇಳಿಸಿದರೆ ನಿಲ್ಲಿ. ಅದು ಊರವರು ಸಿಫ್ಲರ್ ಮೊಂತಾಞ್ ಅನ್ನುವ ಹಕ್ಕಿ. ಹುಡುಕಿದರೆ ಕಾಣುವುದಿಲ್ಲ, ಬರೀ ಕೇಳಿಸುತ್ತದೆ. ನಮ್ಮ ಘಟ್ಟದ ಸಿಳ್ಳಾರ ಹಕ್ಕಿ ಕೇಳಿದವರಿಗೆ ಈ ಆಟ ಹೊಸದೇನಲ್ಲ. ರಾಷ್ಟ್ರಧ್ವಜದ ಮೇಲಿರುವ ಸಿಸೆರೂ ಗಿಳಿ ಇಲ್ಲಿ ಕಾಣುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಅದು ಹೆಚ್ಚಾಗಿ ಇರುವುದು ಉತ್ತರದ ಡಯಾಬ್ಲೊಟಾನ್ ಬೆಟ್ಟದ ಕಡೆ.

ಒಂದು ಗಂಟೆಗೆ ಬ್ರೇಕ್‌ಫಾಸ್ಟ್ ರಿವರ್ ಅನ್ನುವ ಹಳ್ಳ. ಬಾಟಲಿ ತುಂಬಿಸಿಕೊಳ್ಳುವುದಿದ್ದರೆ ಇಲ್ಲೇ, ಶೋಧಿಸಿ ಕುಡಿಯಿರಿ. ಇಲ್ಲಿಂದ ಮುಂದೆ ನೀರು ಬೇಕಾದಷ್ಟಿದೆ, ಕುಡಿಯುವಂಥದ್ದು ಇಲ್ಲ.

ಹಳ್ಳ ದಾಟಿದ ಕೂಡಲೇ ಮೋರ್ನ್ ನಿಕೋಲ್ಸ್ ಬೆಟ್ಟದ ಏರು. ಮಣ್ಣಿಗೆ ಅಡ್ಡ ಮರದ ತುಂಡು ಕೊಟ್ಟು ಮೆಟ್ಟಿಲು ಮಾಡಿದ್ದಾರೆ. ಮೆಟ್ಟಿಲು ಎತ್ತರ, ಮೇಲೆ ಪಾಚಿ. ತುಂಡಿನ ಮೇಲೆ ಕಾಲಿಡಬೇಡಿ, ಅದರ ಹಿಂದಿನ ಮಣ್ಣಿನ ಮೇಲಿಡಿ. ಏರುತ್ತಾ ಹೋದಂತೆ ಮರಗಳು ಗಿಡ್ಡವಾಗುತ್ತವೆ. ನೆತ್ತಿ ಹತ್ತಿರ ಬಂದಾಗ ನಿಮ್ಮ ಎತ್ತರವೇ ಕಾಡಿನ ಎತ್ತರ. ಕೊಂಬೆಗಳೆಲ್ಲ ಗಾಳಿಗೆ ಒಂದೇ ಕಡೆ ಬಾಗಿ, ಒದ್ದೆ ಪಾಚಿ ಸುತ್ತಿಕೊಂಡಿರುತ್ತವೆ. ಪಾಚಿ ಹಿಂಡಿದರೆ ನೀರು ಸುರಿಯುತ್ತದೆ. ಸುಮಾರು 3,000 ಅಡಿ ಎತ್ತರ, ಇದೇ ದಾರಿಯ ತುತ್ತತುದಿ. ಮೋಡ ಸರಿದರೆ ದೂರದಲ್ಲಿ ಬಿಳಿ ಹಬೆ ಏಳುವುದು ಕಾಣುತ್ತದೆ.

ಇಲ್ಲಿಂದ ಇಳಿಜಾರು. ಇಡೀ ದಾರಿಯಲ್ಲಿ ಜನ ಜಾರಿ ಬೀಳುವುದು ಇಲ್ಲೇ ಜಾಸ್ತಿ. ನಾಚಿಕೆ ಬಿಟ್ಟು ಕೂತು ಜಾರಿ. ಕೈಗೆ ಸಿಕ್ಕ ಕೊಂಬೆ ಹಿಡಿಯುವ ಮೊದಲು ಅದು ಜೀವಂತ ಇದೆಯಾ ನೋಡಿ.

ಹಬೆ ಕಣಿವೆ, ಆಮೇಲೆ ಕೆರೆ

ಇಳಿದ ಮೇಲೆ ಸಿಗುವುದೇ ವ್ಯಾಲಿ ಆಫ್ ಡೆಸೊಲೇಶನ್. ನನ್ನ ಮಟ್ಟಿಗೆ ಈ ನಡಿಗೆಯ ಸಾರ ಇದೇ, ಕೆರೆ ಅಲ್ಲ. ಹತ್ತು ಹೆಜ್ಜೆ ಹಿಂದೆ ಹಸಿರು, ಇಲ್ಲಿ ಬೋಳು ಬಂಡೆ. ಹಬೆಯ ಆಮ್ಲಕ್ಕೆ ಪಾಚಿ, ಹುಲ್ಲು, ಒಂದೆರಡು ಗಟ್ಟಿ ಗಿಡ ಬಿಟ್ಟರೆ ಏನೂ ಉಳಿಯುವುದಿಲ್ಲ. ಒಂದು ತೊರೆ ಹಾಲಿನಂತೆ ಬಿಳಿ, ಪಕ್ಕದ್ದು ಕಪ್ಪು, ಬಂಡೆಗಳ ಮೇಲೆ ಗಂಧಕದ ಹಳದಿ, ಕಬ್ಬಿಣದ ಕೆಂಪು. ಕೆಸರು ಗುಳುಗುಳು ಅನ್ನುತ್ತಿರುತ್ತದೆ. ಕಾಲ ಕೆಳಗೆ ಎಲ್ಲಿಂದಲೋ ಪ್ರೆಶರ್ ಬಿಟ್ಟ ಸದ್ದು.

ಇಲ್ಲಿ ನಿಯಮ ಒಂದೇ: ಗೈಡ್ ಕಾಲಿಟ್ಟಲ್ಲೇ ಕಾಲಿಡಿ. ಸೆಲ್ಫಿಗೆ ಅಂತ ಪಕ್ಕಕ್ಕೆ ಸರಿಯಬೇಡಿ. ತೊರೆ ಮುಟ್ಟುವ ಮುಂಚೆ ಕೇಳಿ. ಒಂದು ಬೆಚ್ಚಗಿದ್ದರೆ ಅದರ ಪಕ್ಕದ್ದು ಚರ್ಮ ಸುಲಿಯುವಷ್ಟು ಬಿಸಿ. ಕೆಲವು ಗೈಡ್‌ಗಳು ಕಾರಂಜಿ ನೀರಿನಲ್ಲಿ ಮೊಟ್ಟೆ ಬೇಯಿಸಿಕೊಡುತ್ತಾರೆ, ಬೂದು ಮಣ್ಣನ್ನು ಮುಖಕ್ಕೆ ಹಚ್ಚುತ್ತಾರೆ. ಅಸ್ತಮಾ ಇರುವವರು ಇಲ್ಲಿ ಜಾಸ್ತಿ ಹೊತ್ತು ನಿಲ್ಲದಿರುವುದು ಕ್ಷೇಮ. ಇದು ಸತ್ತ ಜ್ವಾಲಾಮುಖಿಯಲ್ಲ ಅನ್ನುವುದೂ ನೆನಪಿರಲಿ. 1880ರ ಜನವರಿಯಲ್ಲಿ ಇಲ್ಲಿ ಹಬೆ ಸಿಡಿದು ಬೂದಿ ರೋಸೋವರೆಗೂ ಬಿದ್ದಿತ್ತು. 1997ರಲ್ಲೂ ಸಣ್ಣದೊಂದು ಸಿಡಿತವಾಯಿತು.

ಕಣಿವೆ ದಾಟಿ ಇನ್ನೂ ಮುಕ್ಕಾಲು ಗಂಟೆ ಏರಿಳಿದರೆ ಕೆರೆಯ ಅಂಚು. ಸುಮಾರು 60 ಮೀಟರ್ ಅಗಲದ ದೊಡ್ಡ ಗುಂಡಿ, ತಳದಲ್ಲಿ ಬೂದು ನೀಲಿ ನೀರು, ನಟ್ಟನಡುವೆ ಉಕ್ಕುವ ಬುಗ್ಗೆ. ಕುದಿಯುವ ಕೆರೆಗಳಲ್ಲಿ ಇದಕ್ಕಿಂತ ದೊಡ್ಡದು ನ್ಯೂಜಿಲೆಂಡಿನ ಫ್ರೈಯಿಂಗ್ ಪ್ಯಾನ್ ಲೇಕ್ ಒಂದೇ. ಅಂಚಿನಲ್ಲೇ ನೀರು 80ರಿಂದ 90 ಡಿಗ್ರಿ ಸೆಲ್ಸಿಯಸ್. ಬಹಳ ಸಲ ಹಬೆ ಮುಚ್ಚಿ ಏನೂ ಕಾಣುವುದಿಲ್ಲ. ಕೂತು ಬುತ್ತಿ ಬಿಚ್ಚಿ. ಗಾಳಿ ತಿರುಗಿದಾಗ ಒಂದರ್ಧ ನಿಮಿಷ ಪರದೆ ಸರಿಯುತ್ತದೆ. ಅಷ್ಟರಲ್ಲಿ ನೋಡಿಕೊಳ್ಳಬೇಕು.

ನಿಜಕ್ಕೂ ಇದು ನೀರು ತುಂಬಿಕೊಂಡ ಹಬೆ ಕಂಡಿ. ಮಳೆನೀರು, ಸಣ್ಣ ತೊರೆಗಳ ನೀರು ಗುಂಡಿಗೆ ಇಳಿಯುತ್ತದೆ. ಕೆಳಗಿನ ಶಿಲಾಪಾಕದಿಂದ (ಕರಗಿದ ಕಲ್ಲಿನಿಂದ) ಬಿಸಿ ಅನಿಲ ನುಗ್ಗಿ ಮೇಲೇಳುತ್ತದೆ. ನೀರನ್ನು ಕುದಿಸುವುದೂ ಅದೇ, ಕೆಳಕ್ಕೆ ಸೋರದಂತೆ ಎತ್ತಿ ಹಿಡಿಯುವುದೂ ಅದೇ. ಆ ಒತ್ತಡ ತಪ್ಪಿದರೆ ಕೆರೆ ಇಂಗಿಹೋಗುತ್ತದೆ. 2004ರ ಡಿಸೆಂಬರ್‌ನಲ್ಲಿ ಹಾಗೇ ಆಯಿತು. ನೀರು ತಳಕ್ಕಿಳಿದು, ಕೆಲವು ತಿಂಗಳ ನಂತರ ಮತ್ತೆ ತುಂಬಿ ಕುದಿಯತೊಡಗಿತು. ನೀವು ಹೋದಾಗ ಕೆರೆ ಬತ್ತಿದ್ದರೆ ಅದು ಇನ್ನೂ ಅಪಾಯದ ಹೊತ್ತು. ನೀರಿಲ್ಲ ಅಂತ ಕೆಳಗಿಳಿಯುವ ಯೋಚನೆ ಬೇಡ. 1901ರಲ್ಲಿ ಇಲ್ಲೇ ವಿಷಾನಿಲ ಕುಡಿದು ಇಬ್ಬರು ಸತ್ತಿದ್ದಾರೆ.

ಇಳಿದು ಬಂದ ಮೇಲೆ

ಬಂದ ದಾರಿಯಲ್ಲೇ ವಾಪಸ್. ಈಗ ನಿಕೋಲ್ಸ್ ಬೆಟ್ಟವನ್ನು ಆ ಕಡೆಯಿಂದ ಹತ್ತಬೇಕು. ಅಳು ಬರುವುದು ಇಲ್ಲಿ. ಸಣ್ಣ ಹೆಜ್ಜೆ, ಪದೇ ಪದೇ ನೀರು, ಒಂದು ತುಂಡು ಚಿಕ್ಕಿ. ಟೀಟೂ ಗಾರ್ಜ್ ತಲುಪಿದ ಮೇಲೆ ಬಂಡೆಗಳ ಸಂದಿಯ ತಣ್ಣೀರಿನಲ್ಲಿ ಈಜಿಕೊಂಡು ಒಳಗಿನ ಜಲಪಾತದವರೆಗೆ ಹೋಗಬಹುದು. ಈಜು ಬಾರದವರು ಲೈಫ್ ಜಾಕೆಟ್ ಕೇಳಿ. ಮೇಲೆ ಮಳೆ ಬರುತ್ತಿದ್ದರೆ ನೀರಿಗಿಳಿಯಬೇಡಿ, ಇಕ್ಕಟ್ಟಿನಲ್ಲಿ ನೀರು ಏರುವುದು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ. ಮರುದಿನ ಬೆಳಿಗ್ಗೆಯ ವಿಮಾನ ಇಟ್ಟುಕೊಳ್ಳಬೇಡಿ, ಮೆಟ್ಟಿಲು ಇಳಿಯಲು ಮಂಡಿ ಒಪ್ಪುವುದಿಲ್ಲ.

ಕೊನೆಯ ಕೆಲಸ ಬೂಟಿನದು. ಇಲ್ಲಿ ಮೌಂಟನ್ ಚಿಕನ್ ಅನ್ನುವ ದೊಡ್ಡ ಕಪ್ಪೆ ಇದೆ. ಒಂದು ಕಾಲದಲ್ಲಿ ದ್ವೀಪದ ಮೆಚ್ಚಿನ ಅಡುಗೆ. 2002ರ ಹೊತ್ತಿಗೆ ಕೈಟ್ರಿಡ್ ಎಂಬ ಶಿಲೀಂಧ್ರ ಬಂದು ಕೆಲವೇ ವರ್ಷಗಳಲ್ಲಿ ಬಹುಪಾಲು ಕಪ್ಪೆಗಳನ್ನು ತಿಂದುಹಾಕಿತು. ಒದ್ದೆ ಮಣ್ಣು ಮೆತ್ತಿದ ಬೂಟಿನಲ್ಲೂ ಅದು ಊರೂರು ಸುತ್ತಬಲ್ಲದು. ಘಟ್ಟದಲ್ಲಿ ಹಾಕಿದ ಬೂಟನ್ನು ಇಲ್ಲಿಗೆ ತರುವ ಮುನ್ನ ತೊಳೆಯಿರಿ, ಇಲ್ಲಿಂದ ಹೊರಡುವಾಗ ಇನ್ನೊಮ್ಮೆ. ಹಳೆಯ ಹಲ್ಲುಜ್ಜುವ ಬ್ರಷ್ ತೆಗೆದುಕೊಂಡು ಅಟ್ಟೆಯ ಸಂದಿಯ ಮಣ್ಣೆಲ್ಲ ಕೆರೆದು, ಸೋಪಿನ ನೀರಲ್ಲಿ ತೊಳೆದು, ಲೇಸು ಬಿಚ್ಚಿ ರೋಸೋದ ಬಿಸಿಲಿಗೆ ಇಡಿ. ಒಳಗಿನ ಪ್ಯಾಡ್ ಬೇರೆ ಒಣಗಿಸಿ. ಪೂರ್ತಿ ಒಣಗಿದ ಮೇಲೆಯೇ ಸೂಟ್‌ಕೇಸಿಗೆ.